ಮೀನುಕಟ್ಟೆಯ ಬಾಯಿ

ಹೊಳೆಹೊನ್ನೂರಿನ ಹತ್ತಿರ, ಬೇಸಿಗೆಯಲ್ಲಿ ಭದ್ರೆಯ ನೀರು ಇಳಿದಾಗ ಮಾತ್ರ ಕಾಣುವ ಎರಡು ಕಲ್ಲುಗೋಡೆಗಳಿದ್ದವು. ಎದೆಯೆತ್ತರದವು. ಎರಡೂ ದಡಗಳಿಂದ ಹೊರಟು, ನೀರು ಹರಿಯುವ ದಿಕ್ಕಿಗೆ ಓರೆಯಾಗಿ ಸಾಗಿ, ಹೊಳೆಯ ನಡುವೆ ಒಂದನ್ನೊಂದು ಮುಟ್ಟುವ ಮೊದಲೇ ನಿಲ್ಲುತ್ತಿದ್ದವು. ನಿಂತಲ್ಲಿ ಎರಡು ನೆಟ್ಟ ಕಲ್ಲುಗಳು. ಅವುಗಳ ಒಳಮೈಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿದ ಕೊರಕಲು. ಯಾವುದೋ ಕಾಲದಲ್ಲಿ ಅಲ್ಲಿ ಬಿದಿರಿನ ತಟ್ಟಿ ಸಿಕ್ಕಿಸುತ್ತಿದ್ದರು. ನೀರಿನೊಂದಿಗೆ ಬಂದ ಮೀನು ಗೋಡೆಗುಂಟ ಜಾರಿ ಆ ಬಾಯಿಗೇ ಬಂದು ಬೀಳಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪುರಾತತ್ವದ ಎಂ.ಎ. ಓದುತ್ತಿದ್ದೆ. ಆ ಕಟ್ಟೆಯ ನಕ್ಷೆ ಬರೆಯುವುದು ನನ್ನ ಮತ್ತು ನನ್ನ ಸಹಪಾಠಿಯೊಬ್ಬಳ ಪಾಲಿಗೆ ಬಂದಿತ್ತು. ಅವಳು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನವಳು, ಬಾಯಿ ತುಂಬ ಮಾತಿನವಳು. ನಾನು ಶಿವಮೊಗ್ಗದ ಲಿಂಗಾಯತರ ಮನೆಯವಳು, ಮೀನನ್ನು ಪುಸ್ತಕದಲ್ಲಿ ಬಿಟ್ಟರೆ ಸಂತೆಯಲ್ಲಿ ದೂರದಿಂದ ನೋಡಿದವಳು.

"ಯಾವ ಮೀನು ಅಂತ ಕೇಳಿದ್ರೆ ಉದ್ದಂದು, ಗಿಡ್ಡಂದು ಅಂತೀಯ. ನೀನು ಮೀನಿನ ಮನೆ ಅಳೀತೀಯಲ್ಲ ಮಾರಾಯ್ತಿ!" ಎಂದು ಅವಳು ದಿನವೂ ಕಾಡುತ್ತಿದ್ದಳು.

"ನಮ್ಮನೇಲಿ ಮೀನು ಮುಟ್ಟಲ್ಲ ಕಣೇ. ಅಳೀಬಾರ್ದು ಅಂತ ಯಾರೂ ಹೇಳಿಲ್ಲ."

ಕರಾವಳಿಯ ಅಳಿವೆಗಳಲ್ಲೂ ಇಂಥ ಕಟ್ಟೆಗಳಿವೆ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಅಲ್ಲಿ ಭರತದಲ್ಲಿ ಏರಿ ಬಂದ ಮೀನು ಇಳಿತದಲ್ಲಿ ಸಿಕ್ಕಿಬೀಳುತ್ತದೆ. ಸಮುದ್ರವೇ ದಿನಕ್ಕೆರಡು ಬಾರಿ ಕೆಲಸ ಮಾಡಿಕೊಡುತ್ತದೆ. ಇಲ್ಲಿ ಹೊಳೆಗೆ ನೀರು ಬರುವವರೆಗೆ ಕಾಯಬೇಕು. "ಇದಂತೂ ಸತ್ತು ಎಷ್ಟೋ ಕಾಲ ಆಯ್ತಮ್ಮ, ಬಾಯಿ ಪೂರ್ತಿ ಮುಚ್ಚಿಹೋಗಿದೆ" ಎಂದು ಅವರು ಮರಳು, ಜಲ್ಲಿ, ಬೇರು ತುಂಬಿ ಗಟ್ಟಿಯಾಗಿದ್ದ ಆ ಸಂದನ್ನು ತೋರಿಸಿದರು.

ಬುಡ ಕಾಣದೆ ನಕ್ಷೆ ಪೂರ್ಣವಾಗುವುದಿಲ್ಲ. ಹಾಗಾಗಿ ನಾವು ಬಾಯಿಯನ್ನು ಬಿಡಿಸಿದೆವು. ಕರಣೆ, ಬ್ರಷ್ಷು, ಬಾಂಡಲಿ ಹಿಡಿದು ಪದರ ಪದರವಾಗಿ ತೆಗೆದು, ತೆಗೆದದ್ದನ್ನೆಲ್ಲ ದಡದಲ್ಲಿ ಗುಡ್ಡೆ ಹಾಕಿದೆವು. ಕೆಳಗೆ ಹಾಸುಗಲ್ಲು ಸಿಕ್ಕಿತು, ನುಣ್ಣಗೆ ಸವೆದಿತ್ತು. ಗೋಡೆಯಲ್ಲಿ ಕುಸಿದಿದ್ದ ಕಲ್ಲುಗಳನ್ನೂ ಗುರುತು ಹಾಕಿ ಅವುಗಳ ಜಾಗದಲ್ಲೇ ಕೂರಿಸಿದೆವು. ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ದಡದಲ್ಲಿ ಬಟ್ಟೆ ಒಗೆಯಲು ಬರುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ನಗುತ್ತಿದ್ದರು. "ಓದಿರೋ ಹುಡ್ಗೀರು ಹೊಳೆ ಗುಡಿಸ್ತಾವೆ ನೋಡ್ರಪ್ಪಾ! ನಮ್ಮನೆ ಅಂಗಳಾನೂ ಒಂಚೂರು ಗುಡಿಸಿ ಹೋಗ್ರವ್ವಾ."

ಕೆಲಸ ಮುಗಿಯುತ್ತ ಬಂದಿದ್ದ ಆ ಮಧ್ಯಾಹ್ನ ನಮ್ಮ ತಲೆಯ ಮೇಲೆ ಒಂದು ಮೋಡವೂ ಇರಲಿಲ್ಲ. ಮೇಲೆಲ್ಲೋ ಮಳೆ ಹೊಡೆದು ಹಳ್ಳಗಳು ಹೊಳೆಗೆ ನೀರು ತಂದಿದ್ದವು ಎಂಬುದು ನಮಗೆ ಆಮೇಲೆ ತಿಳಿಯಿತು. ಮೇಷ್ಟ್ರು ಊರೊಳಗೆ ಟೀ ಕುಡಿಯಲು ಹೋಗಿದ್ದರು. ಗೆಳತಿ ಎರಡು ಗೋಡೆಗಳ ನಡುವೆ, ಮೇಲ್ಗಡೆ, ಅಳತೆಯ ಕೋಲು ಹಿಡಿದು ನಿಂತಿದ್ದಳು. ನಾನು ದಡದ ಬಂಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೆ. ನೀರಿನ ಬಣ್ಣ ಕೆಂಪಾಯಿತು. ಅಜ್ಜಿ ಕೂಗಿದರು. ನಾನು ತಲೆಯೆತ್ತುವಷ್ಟರಲ್ಲಿ ಅವಳ ಸೊಂಟದವರೆಗೂ ನೀರಿತ್ತು. ಕೋಲು ಮೊದಲು ಹೋಯಿತು, ನಂತರ ಅವಳು. ಅವಳಿಗೆ ಈಜು ಬರುತ್ತಿರಲಿಲ್ಲ. ನನಗೂ.

ಅವಳು ಎರಡೂ ಕೈ ಚಾಚಿ ನನ್ನ ಹೆಸರು ಕೂಗಿದಳು. ನಾನು ಅವಳ ಕಡೆಗೆ ಓಡಲಿಲ್ಲ. ಬೆನ್ನು ತಿರುಗಿಸಿ, ಇನ್ನೂ ಮುಳುಗದೆ ಉಳಿದಿದ್ದ ಗೋಡೆಯ ತುದಿಗಲ್ಲುಗಳ ಮೇಲೆ ಕೆಳಕ್ಕೆ, ಬಾಯಿಯ ಕಡೆಗೆ ಓಡಿದೆ. ಯೋಚಿಸಿದ ನೆನಪಿಲ್ಲ. ಆ ಗೋಡೆಯ ಪ್ರತಿ ಕಲ್ಲನ್ನೂ ನಾನೇ ಬರೆದಿದ್ದೆ. ಅದರೊಳಗೆ ಬಿದ್ದದ್ದು ಎಲ್ಲಿಗೆ ಬರುತ್ತದೆ ಎಂಬುದು ನನ್ನ ಕಾಲಿಗೆ ಗೊತ್ತಿತ್ತು.

ನೆಟ್ಟ ಕಲ್ಲನ್ನು ಒಂದು ಕೈಯಲ್ಲಿ ತಬ್ಬಿ ಬೋರಲು ಬಿದ್ದೆ. ನಾವು ತೊಳೆದು ತೆರೆದ ಬಾಯಿಯಲ್ಲಿ ನೀರು ಮೊರೆಯುತ್ತಿತ್ತು. ಅದರಾಚೆ ಮಡು. ಅವಳು ಬಂದಳು. ಗೋಡೆಗುಂಟ, ಪಕ್ಕೆ ಉಜ್ಜಿಕೊಂಡು, ನನ್ನ ನಕ್ಷೆಯಲ್ಲಿದ್ದ ಗೆರೆಯ ಮೇಲೇ ಬಂದಳು. ನನ್ನ ಕೈಗೆ ಸಿಕ್ಕಿದ್ದು ಅವಳ ಜಡೆ.

ಹಿಂದಿನಿಂದ ಯಾರೋ ನನ್ನ ಕಾಲುಗಳ ಮೇಲೆ ಕುಳಿತರು. ಅಜ್ಜಿ. "ಬಿಡಬ್ಯಾಡ! ಕೂದ್ಲು ಕಿತ್ರೆ ಕೀಳ್ಲಿ, ಬಿಡಬ್ಯಾಡ!"

ದಡಕ್ಕೆ ಎಳೆದು ಹಾಕಿದ ಮೇಲೆ ಅವಳು ಬಹಳ ಹೊತ್ತು ನೀರು ಕಾರಿದಳು. ಗಲ್ಲ ಸೀಳಿತ್ತು. ಅಜ್ಜಿ ಒದ್ದೆ ಸೀರೆಯೊಂದನ್ನು ಅವಳಿಗೆ ಸುತ್ತಿ, ಇಬ್ಬರನ್ನೂ ಒಂದೇ ಸಮನೆ ಬೈಯುತ್ತಿದ್ದರು. ನಾನು ಬಾಯಿಯ ಕಡೆಗೇ ನೋಡುತ್ತಿದ್ದೆ. ಕಡ್ಡಿ, ಎಲೆ, ಯಾರದೋ ಚಪ್ಪಲಿ, ಎಲ್ಲವೂ ಸಾಲಾಗಿ ಅಲ್ಲಿಗೇ ಬರುತ್ತಿದ್ದವು. ಕಟ್ಟೆ ಸತ್ತಿರಲಿಲ್ಲ. ನಾವು ಅದನ್ನು ದುರಸ್ತಿ ಮಾಡಿ ಕೊಟ್ಟಿದ್ದೆವು.

ಭದ್ರಾವತಿಯ ಆಸ್ಪತ್ರೆಯಲ್ಲಿ ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡು ಹೊರಬಂದಾಗ ಅವಳು ಓರೆಬಾಯಲ್ಲಿ ಹೇಳಿದಳು: "ಮೀನು ಮುಟ್ಟಲ್ಲ ಅಂತಿದ್ದೆ. ಹಿಡಿದೇಬಿಟ್ಟೆಯಲ್ಲೇ."

ನನಗೆ ನಗಲಾಗಲಿಲ್ಲ. ಅವಳು ಬೆಂಚಿನ ಮೇಲೆ ಕುಳಿತು ಬೇರೆ ದನಿಯಲ್ಲಿ ಹೇಳಿದಳು. "ನೀನು ಬೆನ್ನು ತಿರುಗಿಸ್ದೆ. ಹೋದ್ಲು, ಬಿಟ್ಟೋದ್ಲು ಅಂದ್ಕೊಂಡೆ ಕಣೇ."

ನಾನು ಚೀಲದಿಂದ ಒದ್ದೆಯಾದ ನಕ್ಷೆ ತೆಗೆದು ಅವಳ ತೊಡೆಯ ಮೇಲೆ ಹರಡಿದೆ. ಅವಳು ತಾನು ನಿಂತಿದ್ದ ಜಾಗವನ್ನು ಹುಡುಕಿ, ಅಲ್ಲಿಂದ ಬೆರಳನ್ನು ಗೋಡೆಗುಂಟ ಮೆಲ್ಲಗೆ ಜಾರಿಸಿದಳು. ಬೆರಳು ಬಾಯಿಗೆ ಬಂದು ನಿಂತಿತು. ಅವಳು ಅದನ್ನು ತಕ್ಷಣ ಎತ್ತಿಕೊಂಡಳು, ಕಾಗದ ಕೈ ಸುಟ್ಟಂತೆ.

ನೀರು ಇಳಿದ ಮೇಲೆ ಮೇಷ್ಟ್ರು ಎಲ್ಲರಿಗಿಂತ ಮೊದಲು ಹೋಗಿ, ದಡದ ಗುಡ್ಡೆಯಿಂದ ಬಾಂಡಲಿ ತುಂಬಿ ಬಾಯಿಗೆ ಸುರಿದರು. ನಾವಿಬ್ಬರೂ ಸೇರಿಕೊಂಡೆವು. ಅಷ್ಟು ಜೋಪಾನವಾಗಿ ತೆಗೆದ ಜಲ್ಲಿ, ಮರಳು, ಬೇರು, ಎಲ್ಲ ವಾಪಸ್ಸು. ಅವಳು ಬರಿಗಾಲಲ್ಲಿ ಅದರ ಮೇಲೆ ಹತ್ತಿ ನಿಂತು, ನನ್ನ ಭುಜ ಹಿಡಿದುಕೊಂಡು, ಗಟ್ಟಿಯಾಗುವವರೆಗೆ ತುಳಿದಳು.