ಏಳು ಎಂದಳು ಗ್ಯಾನಮ್ಮ

ಸಾಲಗುಂದದ ಹೊನ್ನೂರಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲ. ಕ್ವಿಂಟಲ್ ಚೀಲ ಹೊರುವ ಆ ಗಟ್ಟಿಗನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಲು ಮಾತ್ರ ಅವನ ತಾಯಿ ಗ್ಯಾನಮ್ಮನೇ ಕೂಗಬೇಕಿತ್ತು.

ಕಾರಹುಣ್ಣಿಮೆಯಂದು ಊರ ಅಗಸಿಬಾಗಿಲ ಮುಂದೆ ಗುಂಡುಕಲ್ಲನ್ನು ಎದೆಗವಚಿ ಏಳು ಸಲ ಎದ್ದು ನಿಂತವನಿಗೆ ಬೆಳ್ಳಿ ಕಡಗ. ಎರಡು ವರ್ಷ ಹೊನ್ನೂರಪ್ಪ ಆರಕ್ಕೇ ಸೋತಿದ್ದ. ೧೯೮೯ರಲ್ಲೂ ಏಳನೆಯ ಸಲ ಕುಕ್ಕರಗಾಲಲ್ಲೇ ಉಳಿದ.

“ಏಳು! ಏಳಲೇ ಹೊನ್ನೂರಾ, ಹೊತ್ತು ನೆತ್ತಿಮ್ಯಾಲ ಬಂದೈತಿ!” ಎಂದು ಗ್ಯಾನಮ್ಮ ಕೂಗಿದಳು.

ಆ ಕೂಗಿಗೆ ಪಳಗಿದ ಕಾಲುಗಳು ತಾವೇ ನೆಟ್ಟಗಾದವು.

ಎಣಿಸುತ್ತಿದ್ದ ಗರಡಿ ಉಸ್ತಾದ ತಾಯಪ್ಪ ರೇಗಿದ: “ಯವ್ವಾ, ನನಗಿಂತ ಮೊದಲ ನೀ ಯಾಕ ಎಣಿಸಿದಿ?”

“ನಾ ಎಲ್ಲಿ ಎಣಿಸೀನೋ ಯಪ್ಪಾ? ದಿನಾ ಎಬ್ಬಿಸಿದಂಗ ಎಬ್ಬಿಸೀನಿ!”

ಮರುದಿನ ಅವಳು ಏಳು ಸಲ ಕೂಗಿದರೂ ಮಗರಾಯ ಏಳಲಿಲ್ಲ. ಕಡಗ ತೊಟ್ಟ ಕೈಯೊಂದೇ ಕೌದಿಯ ಹೊರಗೆ ಮಿಂಚುತ್ತಿತ್ತು.