ಗಂಗಮ್ಮ ಹಚ್ಚದ ಕ್ರೀಮು

ನಾನು ಮದುವೆ, ಕುಬಸ ಅಂದರೆ ಸೀಮಂತದ ವಿಡಿಯೋ ಮಾಡುವವನು. ಹೋದ ವರ್ಷ ಮುಖದ ಕ್ರೀಮಿನ ಕಂಪನಿಯವನೊಬ್ಬ ಜಾಹೀರಾತಿಗೆಂದು ನನ್ನನ್ನು ನಿಂಬರ್ಗಾ ಎಂಬ ಹಳ್ಳಿಗೆ ಕರೆದೊಯ್ದ. ಅಲ್ಲಿ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಗಂಗಮ್ಮ ಸಿಕ್ಕಳು. ಅರವತ್ತು ದಾಟಿದ್ದರೂ ಆಕೆಯ ಕಪ್ಪು ಮುಖ ನುಣ್ಣಗೆ ಹೊಳೆಯುತ್ತಿತ್ತು.

ಕ್ಯಾಮೆರಾ ಚಾಲೂ ಮಾಡಿ, "ಮುಖಕ್ಕ ಏನ್ ಹಚ್ತೀರಿ ಅಮ್ಮ?" ಎಂದೆ.

"ಅಂಥಾದ್ದೇನಿಲ್ರಿ. ಬಿಸಲಾಗ ಸೆರಗು ಮುಚ್ಕೋತೇನಿ. ಸಂಜಿಗಿ ತಣ್ಣೀರಿಲೆ ಮಾರಿ ತೊಳ್ಕೊಂಡು ಎರಡು ಹನಿ ಕುಸುಬಿ ಎಣ್ಣಿ ಹಚ್ಕೋತೇನಿ."

ಕಂಪನಿಯವನು ಆಕೆಯ ಕೈಗೆ ಡಬ್ಬಿ ತುರುಕಿದ. "ದಿನಾ ಇದನ್ನೇ ಹಚ್ತೇನೆ ಅಂತ ಹೇಳಮ್ಮ."

"ಹಚ್ಚಲಾರದ್ದು ಹಚ್ತೇನಿ ಅಂತ ಹ್ಯಾಂಗ ಹೇಳ್ಲಿರಿ?"

ಡಬ್ಬಿ ವಾಪಸ್ ಕೊಟ್ಟು ಗಂಗಮ್ಮ ಮತ್ತೆ ಕಳೆ ತೆಗೆಯಲು ಕುಳಿತಳು. "ಮುಖ ಸಿಕ್ಕಿತಲ್ಲ, ಸಾಕು ನಡಿ" ಎಂದ ಅವನು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ತಿಂಗಳ ಮೇಲೆ ಜಾಹೀರಾತು ಬಂತು. ಗಂಗಮ್ಮನ ಮುಖಕ್ಕೆ ಯಾರದೋ ದನಿ ಸೇರಿಸಿ ಕ್ರೀಮನ್ನು ಹೊಗಳಿಸಿದ್ದರು! ಸಾಲದ್ದಕ್ಕೆ ಆ ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿದ್ದರು. ಕಂಪನಿಯವನಿಗೆ ಫೋನ್ ಮಾಡಿ ಬೈದರೆ ಅವನು ನಕ್ಕ.

ತಪ್ಪಾಯಿತೆಂದು ಹೇಳಲು ನಿಂಬರ್ಗಾಕ್ಕೆ ಹೋಗಿ ಗಂಗಮ್ಮನಿಗೆ ಮೊಬೈಲಿನಲ್ಲಿ ಆ ಜಾಹೀರಾತು ತೋರಿಸಿದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿ ಮರುಗಿದಳು.

"ಪಾಪ, ಯಾರ್ರಿ ಈಕಿ? ಮಾರ್ಯಾಗ ರಕ್ತನೇ ಇಲ್ಲ. ಮೊದಲ ದವಾಖಾನಿಗಿ ಕರ್ಕೊಂಡ್ ಹೋಗ್ರಿ."