ಮೆಷಿನ್ ಗನ್ನಿಗೆ ನೀರು ಹೊತ್ತವರು

“ಭಾವ, ನೀರಿನ ಟ್ಯಾಂಕರ್ ಓಡಿಸುವವರ ಮಕ್ಕಳು ಡಿಗ್ರಿ ಮುಗಿಸುವುದುಂಟಾ?” ಎಂದು ಸೌದಿಯ ಜಿಜಾನಿನ ನಮ್ಮ ಮನೆಯಲ್ಲಿ ಕೂತು ಅಪ್ಪನೆದುರೇ ನಕ್ಕವರು ಸೋದರಮಾವ. ದೂರಶಿಕ್ಷಣದಲ್ಲಿ ಇತಿಹಾಸ ಓದಿದೆ. ಎರಡು ಸಲ ಫೇಲಾದೆ, ಬಿಡಲಿಲ್ಲ.

ಕೊನೆಯ ಪ್ರಬಂಧಕ್ಕೆ ಸಿಕ್ಕಿದ ವಿಷಯ ಆರಂಭಕಾಲದ ಭಾರೀ ಮೆಷಿನ್ ಗನ್. ಬಿಡದೆ ಗುಂಡು ಹಾರಿಸಿದರೆ ಅದರ ನಳಿಗೆಯನ್ನು ತಂಪಾಗಿಡಲು ಸುತ್ತ ತುಂಬಿದ ನೀರು ಕುದಿದು ಆವಿಯಾಗುತ್ತಿತ್ತು. ಹಾಗಾಗಿ ಸೈನ್ಯ ಅದನ್ನು ಎಲ್ಲಿಗೆ ಒಯ್ದರೂ ಹಿಂದೆ ನೀರು ಹೊತ್ತವರು ನಡೆಯಬೇಕಿತ್ತು. ನಾನು ಓದಿದ ಪುಸ್ತಕಗಳಲ್ಲಿ ಗನ್ ಮಾಡಿದವನ ಹೆಸರಿತ್ತು, ನೀರು ಹೊತ್ತವರದು ಇರಲಿಲ್ಲ. ನಾನು ಅವರ ಬಗ್ಗೆಯೇ ಬರೆದೆ.

ಸರ್ಟಿಫಿಕೇಟನ್ನು ಅಪ್ಪನಿಗೆ ಕೊಟ್ಟೆ. ಅವರು ಕೈ ಒರೆಸಿಕೊಂಡು ಹಿಡಿದು, ಮಾವನಿಗೆ ಫೋನ್ ಮಾಡಿದರು: “ಮಗಳು ಪಾಸಾದ್ಲು ಮಾರಾಯ. ಬರೆದದ್ದು ಎಂತ ಗೊತ್ತುಂಟಾ? ನೀರಿನವರ ಕತೆ!”